ಟಿಸಿ ಬಿತ್ತು, ಹಾಗಂತ ಮ್ಯಾಗ್ನೆಟಿಕ್ ಇಂಪ್ಯೂರಿಟಿ ಅಂದುಬಿಡಬೇಡಿ: ನಿಯೋಬಿಯಂ ನ್ಯಾನೊ ತಂತಿಯ ದೋಷ ಹುಡುಕುವ ಬಗೆ

ಕಳೆದ ಜುಲೈ ಕೊನೆಯ ವಾರ. ಮುಂಬೈಯಲ್ಲಿ ಮೂರು ದಿನದಿಂದ ಒಂದೇ ಸಮ ಮಳೆ. ಲೋಕಲ್ ಟ್ರೇನು ನಿಂತಿದ್ದವು. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಇವತ್ತು ಲ್ಯಾಬಿಗೆ ಹೋಗೋದೋ ಬೇಡವೋ ಅಂತ ಯೋಚಿಸುತ್ತಿದ್ದೆ. ಆಗ ಫೋನ್ ಬಂತು. ಹಿಂದಿನ ರಾತ್ರಿ ಹಾಸ್ಟೆಲಿಗೆ ಹೋಗಲಾಗದೆ ಲ್ಯಾಬಿನಲ್ಲೇ ಉಳಿದಿದ್ದ ಧಾರವಾಡದ ಹುಡುಗ. ನಾವು ಅಳೆಯುವುದು ನಿಯೋಬಿಯಂ ಲೋಹದ ನ್ಯಾನೊ ತಂತಿಗಳನ್ನು. ಬಹಳ ತಣಿಸಿದರೆ ಅವು ಸೂಪರ್‌ಕಂಡಕ್ಟರ್ ಆಗುತ್ತವೆ, ಅಂದರೆ ರೆಸಿಸ್ಟೆನ್ಸ್ ಮಾಯವಾಗುತ್ತದೆ. ಹಾಗಾಗುವ ತಾಪಮಾನವೇ ಟಿಸಿ.

"ಅಕ್ಕಾರ, ಟಿಸಿ ಮತ್ತ ಬಿದ್ದೈತ್ರಿ. ಈ ಸಲ ನಾಲ್ಕು ಪಾಯಿಂಟ್ ಒಂಬತ್ತು."

"ಏನಿರಬಹುದು ಅನಿಸುತ್ತೆ?"

"ಮ್ಯಾಗ್ನೆಟಿಕ್ ಇಂಪ್ಯೂರಿಟಿನ ಇರಬೇಕ್ರಿ. ಮತ್ತೇನ್ ಇರ್ತೈತ್ರಿ?"

ಹೊಟ್ಟೆ ನೋವಾಗಲಿ, ಎದೆ ಉರಿಯಾಗಲಿ, ತಲೆ ಸುತ್ತಲಿ, ನಮ್ಮ ಜನ ಎಲ್ಲದಕ್ಕೂ ಗ್ಯಾಸ್ಟ್ರಿಕ್ ಅನ್ನುತ್ತಾರಲ್ಲ, ಸೂಪರ್‌ಕಂಡಕ್ಟರ್ ಲ್ಯಾಬುಗಳಲ್ಲಿ ಮ್ಯಾಗ್ನೆಟಿಕ್ ಇಂಪ್ಯೂರಿಟಿಯ, ಅಂದರೆ ಲೋಹದಲ್ಲಿ ಬೆರೆತ ಮ್ಯಾಗ್ನೆಟಿಕ್ ಕಸದ, ಕತೆಯೂ ಅಷ್ಟೇ. ಕಾರಣ ಗೊತ್ತಾಗದ ಪ್ರತಿಯೊಂದನ್ನೂ ಅದರ ತಲೆಗೆ ಕಟ್ಟುತ್ತೇವೆ. ಆ ಹುಡುಗ ಹೇಳಿದ್ದು ಕೊನೆಗೆ ನಿಜವೇ ಆಯಿತು. ಆದರೆ ಅವನು ಹೇಳಿದ ರೀತಿಯಲ್ಲಿ ಅಲ್ಲ, ಅವನು ತೋರಿಸಿದ ಜಾಗದಲ್ಲೂ ಅಲ್ಲ. ಹುಡುಕಲು ಆರು ವಾರ ಬೇಕಾಯಿತು. ನೀವು ಆರು ದಿನದಲ್ಲಿ ಮುಗಿಸಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ಲಕ್ಷಣ

ನಮ್ಮ ಚಿಪ್ ಹೀಗಿದೆ. ಸಿಲಿಕಾನ್ ಮೇಲೆ 8 ನ್ಯಾನೊಮೀಟರ್ ದಪ್ಪದ ನಿಯೋಬಿಯಂ ಫಿಲ್ಮ್. ಅದರ ಮೇಲೆ ತೆಳುವಾಗಿ ಸಿಲಿಕಾನ್ ಹೊದಿಕೆ. ಅದನ್ನು ಕೊರೆದು 40 ನ್ಯಾನೊಮೀಟರ್ ಅಗಲ, 1 ಮೈಕ್ರೋಮೀಟರ್ ಉದ್ದದ ತಂತಿ ಮಾಡುತ್ತೇವೆ. ದಪ್ಪ ತುಂಡಾಗಿದ್ದರೆ ನಿಯೋಬಿಯಂ 9.2 ಕೆಲ್ವಿನ್ (ಸೊನ್ನೆ ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್) ಹತ್ತಿರ ಸೂಪರ್‌ಕಂಡಕ್ಟರ್ ಆಗುತ್ತದೆ. ಫಿಲ್ಮ್ ತೆಳುವಾದಷ್ಟೂ ಈ ಟಿಸಿ ಕೆಳಗಿಳಿಯುತ್ತದೆ. ನಮ್ಮ ಒಳ್ಳೆಯ ತಂತಿಗಳ ಟಿಸಿ 6.1 ಕೆಲ್ವಿನ್ ಇರುತ್ತಿತ್ತು. ಜುಲೈನಲ್ಲಿ ಬಂದ ಮೂರು ಚಿಪ್‌ಗಳಲ್ಲಿ 5.3, 5.0, ಕೊನೆಗೆ 4.9.

ಟಿಸಿ ಒಂದೇ ಅಲ್ಲ. ತಣಿಸುತ್ತಾ ಹೋದಂತೆ ರೆಸಿಸ್ಟೆನ್ಸ್ ಹೇಗೆ ಇಳಿಯುತ್ತದೆ ಅಂತ ತೋರಿಸುವ ಕರ್ವ್ ಒಂದಿದೆ. ಕರ್ವ್‌ನ ಬಾಲವೂ ಉದ್ದವಾಗಿತ್ತು. ರೆಸಿಸ್ಟೆನ್ಸ್ ಧಡ್ ಅಂತ ಬೀಳದೆ ಎಳೆದಾಡಿಕೊಂಡು ಸೊನ್ನೆಗೆ ಬರುತ್ತಿತ್ತು. ನ್ಯಾನೊ ತಂತಿಗೆ ಸ್ವಲ್ಪ ಬಾಲ ಇರೋದು ಸಹಜ. ತಂತಿ ಸಣ್ಣದಾದಾಗ ಅಲ್ಲಲ್ಲಿ ಒಂದು ಕ್ಷಣ ಸೂಪರ್‌ಕಂಡಕ್ಟಿವಿಟಿ ಸತ್ತು ಹುಟ್ಟುತ್ತದೆ. ಫೇಸ್ ಸ್ಲಿಪ್ ಅನ್ನುವುದು ಇದಕ್ಕೇ. 1967ರಲ್ಲಿ ಲ್ಯಾಂಗರ್ ಮತ್ತು ಅಂಬೇಗಾವ್ಕರ್ ಇದರ ಲೆಕ್ಕ ಹಾಕಿದರು, 1970ರಲ್ಲಿ ಮ್ಯಾಕಂಬರ್ ಮತ್ತು ಹಾಲ್ಪರಿನ್ ಅದನ್ನು ಪೂರ್ಣ ಮಾಡಿದರು. ಆದ್ದರಿಂದ ಬಾಲ ಕಂಡ ಕೂಡಲೇ ಗಾಬರಿ ಬೇಡ. ಆದರೆ ಟಿಸಿಯನ್ನು ಯಾವಾಗಲೂ ಒಂದೇ ಗುರುತಿನಲ್ಲಿ ಓದಿ. ನಾವು ರೆಸಿಸ್ಟೆನ್ಸ್ ಅರ್ಧಕ್ಕೆ ಬಂದ ಜಾಗವನ್ನು ತೆಗೆದುಕೊಳ್ಳುತ್ತೇವೆ. ಒಬ್ಬರು ಮೇಲಿನ ಭುಜ ನೋಡಿ, ಇನ್ನೊಬ್ಬರು ಬಾಲದ ತುದಿ ನೋಡಿ ಬರೆದರೆ ಇಲ್ಲದ ಕಾಯಿಲೆ ಹುಟ್ಟುತ್ತದೆ.

ಮೊದಲು ಥರ್ಮಾಮೀಟರನ್ನೇ ಹಿಡಿಯಿರಿ

ತಂತಿ ಕೆಟ್ಟಿದೆ ಅನ್ನುವ ಮೊದಲು ಅಳೆಯುವವನು ಸರಿ ಇದ್ದಾನಾ ನೋಡಬೇಕು ಅಲ್ವಾ. ಸುಲಭದ ಉಪಾಯ ಒಂದಿದೆ. ಸ್ಯಾಂಪಲ್ ಹೋಲ್ಡರಿನ ಮೇಲೆ, ಚಿಪ್ ಪಕ್ಕದಲ್ಲೇ, ಶುದ್ಧ ಸೀಸದ ಸಣ್ಣ ತುಂಡೊಂದನ್ನು ನಾಲ್ಕು ವೈರ್ ಹಾಕಿ ಕೂರಿಸಿ. ಸೀಸದ ಟಿಸಿ 7.2 ಕೆಲ್ವಿನ್. ಅದು ಮಳೆಗಾಲಕ್ಕೂ ಬದಲಾಗುವುದಿಲ್ಲ, ಬೇಸಿಗೆಗೂ ಇಲ್ಲ. ಥರ್ಮಾಮೀಟರ್ 7.2 ತೋರಿಸುವಾಗಲೇ ಸೀಸ ಸೊನ್ನೆಗೆ ಬಿದ್ದರೆ ಥರ್ಮಾಮೀಟರ್ ನಿರಪರಾಧಿ. ಕೆಳಗಿನ ತುದಿಯಲ್ಲೂ ಪರೀಕ್ಷೆ ಬೇಕಿದ್ದರೆ ತವರ ಇದೆ, 3.7 ಕೆಲ್ವಿನ್. ನಮ್ಮ ಥರ್ಮಾಮೀಟರ್ 0.03 ಕೆಲ್ವಿನ್ ಮಾತ್ರ ತಪ್ಪಿತ್ತು. ಆ ದಾರಿ ಅಲ್ಲಿಗೆ ಮುಚ್ಚಿತು.

ಆಮೇಲೆ ಕರೆಂಟ್. ಅಳತೆಗೆ ಕಳಿಸುವ ಕರೆಂಟೇ ತಂತಿಯನ್ನು ಬಿಸಿ ಮಾಡಬಹುದು. ಅದನ್ನು ಅರ್ಧ ಮಾಡಿ. ಕರ್ವ್ ಅಲ್ಲಾಡಿದರೆ ಇನ್ನೂ ಅರ್ಧ ಮಾಡಿ. ನಾವು 10 ನ್ಯಾನೋಆಂಪ್‌ನಲ್ಲಿ ನಿಲ್ಲುತ್ತೇವೆ.

ಮೂರನೆಯದು ಗಲಾಟೆ, ಅಂದರೆ ವೈರುಗಳಿಂದ ಇಳಿದುಬರುವ ನಾಯ್ಸ್. ಮುಂಬೈಯಂಥ ಊರಿನಲ್ಲಿ ಮೊಬೈಲ್ ಟವರ್, ಟ್ಯೂಬ್‌ಲೈಟ್, ಲಿಫ್ಟ್ ಮೋಟಾರ್, ಎಲ್ಲವೂ ನಿಮ್ಮ 40 ನ್ಯಾನೊಮೀಟರಿನ ತಂತಿಯೊಳಗೆ ಬಂದು ಹಾಡುತ್ತವೆ. ಹಗಲು ಒಮ್ಮೆ, ರಾತ್ರಿ ಎರಡು ಗಂಟೆಗೆ ಒಮ್ಮೆ ಅದೇ ಅಳತೆ ಮಾಡಿ. ಕ್ರಯೋಸ್ಟಾಟ್ (ಚಿಪ್ಪನ್ನು ತಣ್ಣಗಿಡುವ ಪಾತ್ರೆ) ತಲೆಯ ಮೇಲೆ ಬೇಕಂತಲೇ ಮೊಬೈಲ್ ಇಟ್ಟು ಒಂದು ಕಾಲ್ ಮಾಡಿ ನೋಡಿ. ಕ್ರಿಟಿಕಲ್ ಕರೆಂಟ್, ಅಂದರೆ ಸೂಪರ್‌ಕಂಡಕ್ಟಿವಿಟಿ ಬಿಡದೆ ತಂತಿ ಹೊರಬಲ್ಲ ಗರಿಷ್ಠ ಕರೆಂಟ್, ಕುಸಿದರೆ ಫಿಲ್ಟರ್ ಸಾಲದು ಅಂತ ಅರ್ಥ. ನಮ್ಮಲ್ಲಿ ಒಂದು ಲೈನಿನ ಫಿಲ್ಟರ್ ಬೆಸುಗೆ ಬಿಟ್ಟಿತ್ತು. ಸರಿ ಮಾಡಿದೆವು. ಬಾಲ ಕೊಂಚ ಗಿಡ್ಡವಾಯಿತು. ಟಿಸಿ ಮಾತ್ರ ಅಲ್ಲೇ ಕೂತಿತ್ತು.

ಇಷ್ಟಕ್ಕೆ ಒಂದು ವಾರ ಹೋಯಿತು.

ಸಾದಾ ಕಸ ಬೇರೆ, ಮ್ಯಾಗ್ನೆಟಿಕ್ ಕಸ ಬೇರೆ

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ಇದು ಅರ್ಥವಾಗದಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ಸುಮ್ನೆ ಮಂತ್ರ ಹೇಳಿದ ಹಾಗೆ.

ಸೂಪರ್‌ಕಂಡಕ್ಟರ್ ಒಳಗೆ ಎಲೆಕ್ಟ್ರಾನುಗಳು ಜೋಡೆತ್ತಿನ ಹಾಗೆ ಹೋಗುತ್ತವೆ. ಒಂದರ ಸ್ಪಿನ್, ಅಂದರೆ ಎಲೆಕ್ಟ್ರಾನಿನ ಸ್ವಂತ ಪುಟ್ಟ ಮ್ಯಾಗ್ನೆಟ್, ಮೇಲಕ್ಕಿದ್ದರೆ ಇನ್ನೊಂದರದ್ದು ಕೆಳಕ್ಕೆ. ದಾರಿಯಲ್ಲಿ ಕಲ್ಲಿದ್ದರೆ ಗಾಡಿ ಎಗರುತ್ತದೆ, ಎರಡೂ ಎತ್ತು ಒಟ್ಟಿಗೇ ತಡವರಿಸುತ್ತವೆ, ನೊಗ ಮಾತ್ರ ಕಳಚುವುದಿಲ್ಲ. ಸಾದಾ ಇಂಪ್ಯೂರಿಟಿ ಅಂದರೆ ಈ ಕಲ್ಲು. ಅದು ಟಿಸಿಗೆ ಹೆಚ್ಚೇನೂ ಮಾಡುವುದಿಲ್ಲ ಅಂತ 1959ರಲ್ಲಿ ಫಿಲಿಪ್ ಆಂಡರ್ಸನ್ ತೋರಿಸಿದರು. ಮ್ಯಾಗ್ನೆಟಿಕ್ ಪರಮಾಣು ಹಾಗಲ್ಲ. ಅದು ಒಂದೇ ಎತ್ತಿನ ಬಾಲ ತಿರುಚುತ್ತದೆ. ಒಂದು ಎಲೆಕ್ಟ್ರಾನಿನ ಸ್ಪಿನ್ ತಿರುಗಿದರೆ ಜೋಡಿ ಮುರಿಯಿತು. ಆಂಡರ್ಸನ್‌ಗಿಂತ ಒಂದು ವರ್ಷ ಮೊದಲೇ, 1958ರಲ್ಲಿ, ಮಥಿಯಾಸ್, ಸೂಲ್ ಮತ್ತು ಕೊರೆನ್ಸ್‌ವಿಟ್ ಲ್ಯಾಂಥನಂ ಲೋಹಕ್ಕೆ ಬೇರೆ ಬೇರೆ ರೇರ್ ಅರ್ತ್ ಲೋಹಗಳನ್ನು ಬೆರೆಸಿ ನೋಡಿದ್ದರು. ಶೇಕಡಾ ಒಂದರಷ್ಟು ಗ್ಯಾಡೋಲಿನಿಯಂ ಸಾಕಾಗಿತ್ತು, ಟಿಸಿ ಪಾತಾಳಕ್ಕೆ ಬಿತ್ತು.

ಎಷ್ಟು ಕಸಕ್ಕೆ ಎಷ್ಟು ಟಿಸಿ ಬೀಳುತ್ತದೆ ಅನ್ನುವ ಲೆಕ್ಕವನ್ನು 1960ರಲ್ಲಿ ಅಬ್ರಿಕೊಸೊವ್ ಮತ್ತು ಗೋರ್ಕೊವ್ ಕೊಟ್ಟರು. ಇಂದಿಗೂ ಲ್ಯಾಬಿನ ಗೋಡೆಯ ಮೇಲೆ ಬರೆದಿಡುವಂಥ ಲೆಕ್ಕ ಅದು. ಶುರುವಿನಲ್ಲಿ ಟಿಸಿ ನೇರವಾಗಿ ಇಳಿಯುತ್ತದೆ. ಜೋಡಿ ಮುರಿಯುವ ಶಕ್ತಿಯನ್ನು ಕೆಲ್ವಿನ್‌ನಲ್ಲಿ ಬರೆದರೆ, ಅದರ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ, ಸರಿಯಾಗಿ ಹೇಳುವುದಾದರೆ ಪೈ ಭಾಗಿಸು ನಾಲ್ಕರಷ್ಟು, ಟಿಸಿಯಲ್ಲಿ ಕಡಿಮೆಯಾಗುತ್ತದೆ. ಆ ಶಕ್ತಿ ಮೂಲ ಟಿಸಿಯ 0.88 ಪಾಲಿಗೆ ಬಂದರೆ ಆಟ ಮುಗಿಯಿತು, ಸೂಪರ್‌ಕಂಡಕ್ಟಿವಿಟಿಯೇ ಇಲ್ಲ. ನಮ್ಮ ತಂತಿಗೆ ಹಾಕಿ ನೋಡಿ. 6.1ರಿಂದ 4.9ಕ್ಕೆ ಬಂದಿದೆ, ಅಂದರೆ 1.2 ಕೆಲ್ವಿನ್ ಇಳಿತ. ಮುರಿಯುವ ಶಕ್ತಿ ಸುಮಾರು 1.5 ಕೆಲ್ವಿನ್. ಸಾಯಿಸಲು ಬೇಕಾದದ್ದು 5.4. ವಿಷದ ನಾಲ್ಕನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಒಳಗೆ ಹೋಗಿದೆ. ಕಡಿಮೆಯೇನಲ್ಲ.

ಆದರೆ ಗಮನಿಸಿ, ಈ ಲೆಕ್ಕ ಮ್ಯಾಗ್ನೆಟಿಕ್ ಕಸ ಇದೆ ಅಂತ ಸಾಬೀತು ಮಾಡುವುದಿಲ್ಲ. ಇದ್ದರೆ ಎಷ್ಟು ಅಂತ ಹೇಳುತ್ತದೆ, ಅಷ್ಟೇ. ಧಾರವಾಡದ ಹುಡುಗ ಎಡವಿದ್ದು ಇಲ್ಲೇ. ಫಾರ್ಮುಲಾ ಚೆನ್ನಾಗಿ ಕೂತಿತು ಅಂತ ಖುಷಿಯಾಗಿಬಿಟ್ಟ. ಇರುವುದು ಒಂದೇ ಬಿಂದು. ಒಂದು ಬಿಂದುವಿನ ಮೇಲೆ ಯಾವ ಗೆರೆಯನ್ನಾದರೂ ಎಳೆಯಬಹುದು.

ಅಗಲದ ತಂತಿಯನ್ನು ಪಕ್ಕದಲ್ಲಿಡಿ

ಪ್ರತಿ ಚಿಪ್‌ನಲ್ಲಿ ಸಣ್ಣ ತಂತಿಯ ಜೊತೆಗೆ 1 ಮೈಕ್ರೋಮೀಟರ್ ಅಗಲದ ಒಂದು ಪಟ್ಟಿಯನ್ನೂ ಬರೆಯಿರಿ. ಜಾಗ ಹಾಳು ಅಂತ ಅನಿಸುತ್ತದೆ. ಹಾಳಲ್ಲ. ನಮ್ಮನ್ನು ಉಳಿಸಿದ್ದು ಅದೇ.

ಅಗಲದ ಪಟ್ಟಿಯ ಟಿಸಿ 6.5 ಬಂತು. ಹಳೆಯ ಚಿಪ್‌ಗಳಲ್ಲೂ ಅಷ್ಟೇ ಇತ್ತು. ಈ ಒಂದು ಅಂಕಿ ಎಷ್ಟು ಜನರನ್ನು ಕೇಸಿನಿಂದ ಬಿಡಿಸಿತು ನೋಡಿ. ನಿಯೋಬಿಯಂ ಟಾರ್ಗೆಟ್, ಅಂದರೆ ಫಿಲ್ಮಿಗೆ ಲೋಹ ಕೊಡುವ ಬಿಲ್ಲೆ, ಕೊಳಕಾಗಿದ್ದರೆ ಅಗಲದ ಪಟ್ಟಿಯೂ ಕೆಡಬೇಕಿತ್ತು. ಆ ಲೋಹವನ್ನು ಪ್ಲಾಸ್ಮಾದಿಂದ ಸಿಡಿಸಿ ಫಿಲ್ಮ್ ಮಾಡುವ ಸ್ಪಟರಿಂಗ್ ಗನ್ನಿನ ಸ್ಟೀಲ್ ರಿಂಗನ್ನು ಪ್ಲಾಸ್ಮಾ ತಿಂದು ಕಬ್ಬಿಣ, ಕ್ರೋಮಿಯಂ, ನಿಕ್ಕೆಲ್ ಫಿಲ್ಮಿಗೆ ಸೇರಿದ್ದರೂ ಅಷ್ಟೇ. ಚೇಂಬರಿನ ವ್ಯಾಕ್ಯೂಮ್ ಕೆಟ್ಟಿದ್ದರೂ ಅಷ್ಟೇ. ಅಂದರೆ ಫಿಲ್ಮ್ ಚೆನ್ನಾಗಿದೆ. ಕೆಟ್ಟಿದ್ದು ಕೊರೆದ ಮೇಲೆ, ಅದೂ ಅಂಚಿನಲ್ಲಿ.

ಅಂಚು ಅಂತ ಯಾಕೆ ಹೇಳುತ್ತೇನೆ ಅಂದರೆ, ಮೇಲ್ಭಾಗಕ್ಕೆ ಸಿಲಿಕಾನ್ ಹೊದಿಕೆ ಇದೆ. ಕೊರೆದಾಗ ಬರಿಮೈ ಆಗುವುದು ಎರಡು ಪಕ್ಕದ ಗೋಡೆಗಳು ಮಾತ್ರ. ತಂತಿಗೂ ಪಟ್ಟಿಗೂ ದಪ್ಪ ಒಂದೇ ಆದ್ದರಿಂದ, ಒಳಗಿನ ಲೋಹಕ್ಕೆ ಹೋಲಿಸಿದರೆ ಗೋಡೆಯ ಪಾಲು ಅಗಲಕ್ಕೆ ತಲೆಕೆಳಗಾಗಿ ಬದಲಾಗುತ್ತದೆ. 1000 ನ್ಯಾನೊಮೀಟರಿನ ಪಟ್ಟಿಗಿಂತ 40 ನ್ಯಾನೊಮೀಟರಿನ ತಂತಿಗೆ ಗೋಡೆಯ ಕಾಟ 25 ಪಟ್ಟು ಜಾಸ್ತಿ. ಅಗಲದವನು ಆರಾಮಾಗಿದ್ದು ಸಣ್ಣವನು ನರಳುತ್ತಿದ್ದರೆ ಕಣ್ಣು ಗೋಡೆಯ ಮೇಲೆ ಹೋಗಬೇಕು.

ಗೋಡೆ ಕೆಟ್ಟಿದೆ ಅಂದಮಾತ್ರಕ್ಕೆ ಮ್ಯಾಗ್ನೆಟಿಕ್ ಅಂತಲೂ ಅಲ್ಲ. ಗೋಡೆ ಆಕ್ಸೈಡ್ ಆಗಿ ತಂತಿಯೇ ಸಣ್ಣದಾಗಿರಬಹುದು. ಇದನ್ನು ಮಲ್ಟಿಮೀಟರ್ ಮಟ್ಟದ ಲೆಕ್ಕದಲ್ಲೇ ಹಿಡಿಯಬಹುದು. ಹಳೆಯ ತಂತಿಗಳ ಸಾಮಾನ್ಯ ರೆಸಿಸ್ಟೆನ್ಸ್, ಟಿಸಿಗಿಂತ ಸ್ವಲ್ಪ ಮೇಲೆ ಅಳೆದದ್ದು, 940 ಓಮ್. ಹೊಸದರದ್ದು 990. ಶೇಕಡಾ ಐದು ಜಾಸ್ತಿ. ಅಂದರೆ ತಂತಿ ಹೆಚ್ಚೆಂದರೆ 2 ನ್ಯಾನೊಮೀಟರ್ ಅಗಲ ಕಳೆದುಕೊಂಡಿದೆ, 40 ಇದ್ದದ್ದು 38. 34 ನ್ಯಾನೊಮೀಟರ್ ಅಗಲದ ಹಳೆಯ ತಂತಿಯೇ ನಮ್ಮಲ್ಲಿ 6.0 ಕೊಟ್ಟಿತ್ತು. ಹಾಗಿದ್ದಾಗ 2 ನ್ಯಾನೊಮೀಟರ್ ಕಳೆದುಕೊಂಡದ್ದಕ್ಕೆ 1.2 ಕೆಲ್ವಿನ್ ದಂಡ ಕಟ್ಟಬೇಕಾದ ಕಾರಣವಿಲ್ಲ. ಇನ್ನು 940 ಆಗಲಿ 990 ಆಗಲಿ, ಕ್ವಾಂಟಂ ಫೇಸ್ ಸ್ಲಿಪ್ (ಬಿಸಿಯ ನೆರವಿಲ್ಲದೆ ಆಗುವ ಫೇಸ್ ಸ್ಲಿಪ್) ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ 6.45 ಕಿಲೋಓಮ್ ಗಡಿಗಿಂತ ಬಹಳ ಕೆಳಗಿದೆ. ಆ ಭೂತವನ್ನೂ ಬಿಟ್ಟೆವು.

ದಾರಕ್ಕೆ ಕಟ್ಟಿದ ಮ್ಯಾಗ್ನೆಟ್

ನಮ್ಮ ವರ್ಕ್‌ಶಾಪಿನ ಮೇಸ್ತ್ರಿ ಕಾರ್ಕಳದವರು. ಮೂವತ್ತು ವರ್ಷದಿಂದ ಮುಂಬೈಯಲ್ಲಿದ್ದಾರೆ. ಲೇತ್ ಮೇಲೆ ಅವರ ಕೈ ನೋಡಬೇಕು. ನಮ್ಮ ಪರದಾಟ ಕೇಳಿ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರು. ಜೇಬಿನಿಂದ ಹಳೆಯ ಹಾರ್ಡ್ ಡಿಸ್ಕಿನಿಂದ ಕಿತ್ತ ನಿಯೋಡಿಮಿಯಂ ಮ್ಯಾಗ್ನೆಟಿನ ಚೂರು ತೆಗೆದರು. ಹೊಲಿಗೆ ದಾರಕ್ಕೆ ಕಟ್ಟಿ, ಫ್ಯಾನ್ ಆಫ್ ಮಾಡಿಸಿ, ಹೋಲ್ಡರಿನ ಪಕ್ಕದಲ್ಲಿ ಮೆಲ್ಲಗೆ ಇಳಿಬಿಟ್ಟರು.

"ಎಂತದು ಮೇಡಂ ಇದು, ಸ್ಟೈನ್‌ಲೆಸ್ ಅಂತ ಹೇಳ್ತೀರಿ, ಇಲ್ಲಿ ನೋಡಿ, ಎಳೀತದೆ."

ನಿಜ. ಸ್ಕ್ರೂ ಹತ್ತಿರ ದಾರ ಒಂದು ಕೂದಲೆಳೆಯಷ್ಟು ವಾಲಿತು. 304 ಸ್ಟೀಲ್ ಮ್ಯಾಗ್ನೆಟಿಗೆ ಅಂಟುವುದಿಲ್ಲ ಅಂತ ಪಾಠ. ಆದರೆ ಅದನ್ನು ಬಗ್ಗಿಸಿ, ಒತ್ತಿ, ತಿರುಪು ಕೊರೆದಾಗ ಅದರ ಒಂದು ಪಾಲು ಮ್ಯಾಗ್ನೆಟಿಕ್ ಆಗಿಬಿಡುತ್ತದೆ. ಚಿನ್ನದ ಲೇಪದ ಪಿನ್ನುಗಳ ಹತ್ತಿರ ಇನ್ನೂ ಜೋರಾಗಿ ವಾಲಿತು. ಚಿನ್ನದ ಕೆಳಗೆ ನಿಕ್ಕೆಲ್ ಪದರ ಹಾಕಿರುತ್ತಾರೆ, ಚಿನ್ನ ಹಿತ್ತಾಳೆಯೊಳಗೆ ಇಳಿಯದಿರಲಿ ಅಂತ. ಮೇಲೆ ಹೊಳೆಯುವುದು ಚಿನ್ನ, ಒಳಗೆ ಮ್ಯಾಗ್ನೆಟ್. ಕೊನೆಗೆ ಚಿಪ್ ಹಿಡಿಯುವ ಚಿಮುಟ. ಅದಂತೂ ಟಕ್ ಅಂತ ಅಂಟಿಕೊಂಡು ನೇತಾಡಿತು.

ಎಲ್ಲರೂ ಕೇಕೆ ಹಾಕಿದರು, ಕಳ್ಳ ಸಿಕ್ಕ ಅಂತ. ಸಿಕ್ಕಿರಲಿಲ್ಲ. ಸ್ಕ್ರೂ ಹಿತ್ತಾಳೆಯದ್ದು ಹಾಕಿದೆವು, ಚಿಮುಟ ಟೈಟಾನಿಯಂದು ತಂದೆವು, ಪಿನ್ ಬದಲಿಸಿದೆವು. ಟಿಸಿ 4.9 ಇದ್ದದ್ದು 4.9.

ಯಾಕೆ ಅಂತ ಯೋಚಿಸಿ. ಸ್ಕ್ರೂ ಮತ್ತು ಪಿನ್ ತಂತಿಯಿಂದ ಮಿಲಿಮೀಟರುಗಟ್ಟಲೆ ದೂರ. ಅವು ಅಲ್ಲಿ ಹುಟ್ಟಿಸುವ ಮ್ಯಾಗ್ನೆಟಿಕ್ ಫೀಲ್ಡ್ ಬಹಳ ಚಿಕ್ಕದು. 40 ನ್ಯಾನೊಮೀಟರಿನ ತಂತಿ ಟೆಸ್ಲಾಗಟ್ಟಲೆ (ಟೆಸ್ಲಾ ಅಂದರೆ ಫೀಲ್ಡಿನ ಅಳತೆ) ಫೀಲ್ಡ್ ತಡೆದುಕೊಳ್ಳುತ್ತದೆ, ಇಷ್ಟಕ್ಕೆಲ್ಲ ಬಗ್ಗುವುದಿಲ್ಲ. ಎತ್ತಿನ ಬಾಲ ತಿರುಚಬೇಕಾದರೆ ಮ್ಯಾಗ್ನೆಟಿಕ್ ಪರಮಾಣು ಎಲೆಕ್ಟ್ರಾನಿಗೆ ಮೈತಾಗಬೇಕು. ಲೋಹದ ಒಳಗಿರಬೇಕು, ಇಲ್ಲವೇ ಮೈಮೇಲೆ ಕೂತಿರಬೇಕು. ಹಾಗಂತ ಮೇಸ್ತ್ರಿಯ ಪರೀಕ್ಷೆ ದಂಡ ಅಲ್ಲ. ಕಬ್ಬಿಣದ ಪುಡಿ, ನಿಕ್ಕೆಲ್ ಪಿನ್ನು ಇವೆಲ್ಲ ಹಳೆಯ ಫೀಲ್ಡನ್ನು ನೆನಪಿಟ್ಟುಕೊಳ್ಳುತ್ತವೆ. ಮುಂದಿನ ಪರೀಕ್ಷೆಯಲ್ಲಿ ಆ ನೆನಪು ಅಡ್ಡ ಬರುತ್ತದೆ. ಅದಕ್ಕೇ ಮೊದಲೇ ಗುಡಿಸಿಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ಕಬ್ಬಿಣ ಎಲ್ಲ ಲೋಹದಲ್ಲೂ ಮ್ಯಾಗ್ನೆಟ್ ಆಗಿ ಉಳಿಯುವುದಿಲ್ಲ. ನಿಯೋಬಿಯಂ, ಮೋಲಿಬ್ಡಿನಂ ಮಿಶ್ರಲೋಹಗಳಿಗೆ ಶೇಕಡಾ ಒಂದರಷ್ಟು ಕಬ್ಬಿಣ ಹಾಕಿ ಬೆಲ್ ಲ್ಯಾಬ್ಸ್‌ನವರು 1962ರಲ್ಲಿ ಅಳೆದರು. ಶುದ್ಧ ನಿಯೋಬಿಯಂ ಒಳಗೆ ಕರಗಿದ ಕಬ್ಬಿಣಕ್ಕೆ ಮ್ಯಾಗ್ನೆಟಿಕ್ ಗುಣವೇ ಇರಲಿಲ್ಲ. ಮೋಲಿಬ್ಡಿನಂ ಶೇಕಡಾ 40 ದಾಟಿದ ಮೇಲೆ ಕಾಣಿಸಿಕೊಂಡಿತು. ಆದ್ದರಿಂದ ನಿಯೋಬಿಯಂ ತಂತಿಯಲ್ಲಿ ಒಂದಿಷ್ಟು ಕಬ್ಬಿಣ ಸಿಕ್ಕಿತು ಅಂತ ರಿಪೋರ್ಟ್ ಬಂದರೆ ಕೂಡಲೇ ಕೈಕೋಳ ತೊಡಿಸಬೇಡಿ. ಮ್ಯಾಂಗನೀಸ್, ಗ್ಯಾಡೋಲಿನಿಯಂ ಬೇರೆ ಮಾತು. 1997ರಲ್ಲಿ ಅಲಿ ಯಜ್ದಾನಿ ಮತ್ತು ಜೊತೆಗಾರರು ನಿಯೋಬಿಯಂ ಮೈಮೇಲೆ ಇವುಗಳ ಒಂದೊಂದೇ ಪರಮಾಣುವನ್ನು ಕೂರಿಸಿ ಸೂಜಿಮೊನೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪರಮಾಣುವಿನ ಸುತ್ತ ಜೋಡಿ ಮುರಿದ ಗುರುತು ಕಾಣಿಸಿತು. ಬೆಳ್ಳಿಯ ಪರಮಾಣು ಕೂರಿಸಿದಾಗ ಕಾಣಿಸಲಿಲ್ಲ.

ಈಗ ಫೀಲ್ಡ್ ಕೊಡಿ

ಈ ಬರಹದ ಮುಖ್ಯ ಭಾಗ ಇದು. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಸೂಪರ್‌ಕಂಡಕ್ಟರಿಗೆ ಮ್ಯಾಗ್ನೆಟಿಕ್ ಫೀಲ್ಡ್ ಶತ್ರು. ಫೀಲ್ಡ್ ಏರಿಸಿದಷ್ಟೂ ಕ್ರಿಟಿಕಲ್ ಕರೆಂಟ್ ಇಳಿಯಬೇಕು. ಆದರೆ 2006ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೊಗಾಚೆವ್, ಬೆಜ್ರ್ಯಾದಿನ್ ಮತ್ತು ಸಂಗಡಿಗರು ತೀರ ಸಣ್ಣ ನಿಯೋಬಿಯಂ ಮತ್ತು ಮೋಲಿಬ್ಡಿನಂ-ಜರ್ಮೇನಿಯಂ ತಂತಿಗಳಲ್ಲಿ ಉಲ್ಟಾ ನೋಡಿದರು. ಫೀಲ್ಡ್ ಕೊಟ್ಟಾಗ ಕ್ರಿಟಿಕಲ್ ಕರೆಂಟ್ ಮೊದಲು ಏರಿ, ಆಮೇಲೆ ಇಳಿಯಿತು. ಅವರು ಕೊಟ್ಟ ವಿವರಣೆ ಸೊಗಸಾಗಿದೆ. ತಂತಿಯ ಮೈಮೇಲೆ ಮ್ಯಾಗ್ನೆಟಿಕ್ ಚೂರುಗಳು, ಅಂದರೆ ಒಂಟಿ ಸ್ಪಿನ್‌ಗಳು, ಕೂತಿವೆ. ಫೀಲ್ಡ್ ಇಲ್ಲದಾಗ ಅವು ಹೇಗೆ ಬೇಕಾದರೂ ಹೊರಳಾಡುತ್ತವೆ, ಎಲೆಕ್ಟ್ರಾನಿನ ಸ್ಪಿನ್ ತಿರುಗಿಸುತ್ತವೆ. ಫೀಲ್ಡ್ ಕೊಟ್ಟರೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಬಾಲ ತಿರುಚುವವನ ಕೈ ಕಟ್ಟಿದ ಹಾಗೆ. ಜೋಡೆತ್ತು ಮತ್ತೆ ನಡೆಯುತ್ತದೆ. ಫೀಲ್ಡ್ ಇನ್ನೂ ಏರಿಸಿದರೆ ಫೀಲ್ಡಿನ ಸ್ವಂತ ಕಾಟ ಶುರುವಾಗಿ ಕರೆಂಟ್ ಬೀಳುತ್ತದೆ. ಗ್ರಾಫಿನಲ್ಲಿ ಒಂದು ಗುಡ್ಡ.

ಗೋಡೆ ಸುಮ್ಮನೆ ಆಕ್ಸೈಡ್ ಆಗಿ ತಂತಿ ಸಣ್ಣದಾಗಿದ್ದರೆ ಗುಡ್ಡ ಬರುವುದಿಲ್ಲ. ಗೋಡೆಯಲ್ಲಿ ಸತ್ತ ಲೋಹದ, ಅಂದರೆ ಸೂಪರ್‌ಕಂಡಕ್ಟರ್ ಆಗದ ಲೋಹದ, ಪದರ ಕೂತಿದ್ದರೂ ಬರುವುದಿಲ್ಲ. ಫೀಲ್ಡ್ ಅವಕ್ಕೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಹಾಗಾಗಿ ಗುಡ್ಡ ಒಳ್ಳೆಯ ಸಾಕ್ಷಿ.

ಹುಡುಗ ಮರುದಿನವೇ ಅಳೆದ. ದ್ರವ ಹೀಲಿಯಂ ತುಂಬಿದ ಡ್ಯೂವಾರಿನಲ್ಲಿ (ದೊಡ್ಡ ಫ್ಲಾಸ್ಕಿನಂಥದ್ದು) ಪ್ರೋಬ್ ಇಳಿಸಿ, 4.2 ಕೆಲ್ವಿನ್‌ನಲ್ಲಿ, ಸೊನ್ನೆಯಿಂದ 5 ಟೆಸ್ಲಾವರೆಗೆ. ಗುಡ್ಡ ಇಲ್ಲ. ಜಾರುಬಂಡೆಯ ಹಾಗೆ ಇಳಿಜಾರು. "ಮ್ಯಾಗ್ನೆಟಿಕ್ ಅಲ್ರಿ ಅಕ್ಕಾರ," ಅಂದ, ಮುಖ ಸಣ್ಣ ಮಾಡಿಕೊಂಡು.

ತಪ್ಪು ಎಲ್ಲಿ? ಒಂದು ಒಂಟಿ ಎಲೆಕ್ಟ್ರಾನಿನ ಸ್ಪಿನ್ನಿಗೆ 1 ಟೆಸ್ಲಾ ಫೀಲ್ಡ್ ಕೊಟ್ಟರೆ, ನೆಟ್ಟಗೆ ನಿಂತದ್ದಕ್ಕೂ ತಲೆಕೆಳಗಾದದ್ದಕ್ಕೂ ಇರುವ ಶಕ್ತಿಯ ಅಂತರ ತಾಪಮಾನದ ಲೆಕ್ಕದಲ್ಲಿ ಬರೀ 1.3 ಕೆಲ್ವಿನ್. ಸುತ್ತ 4.2 ಕೆಲ್ವಿನ್ ಬಿಸಿ ಇದೆ. ಅಷ್ಟು ಬಿಸಿಯಲ್ಲಿ ಸ್ಪಿನ್ ಮಾತು ಕೇಳುವುದಿಲ್ಲ, ಕುಣಿಯುತ್ತಲೇ ಇರುತ್ತದೆ. ಅದು ಮಾತು ಕೇಳುವಷ್ಟು ಫೀಲ್ಡ್ ಏರಿಸುವ ಹೊತ್ತಿಗೆ ಸೂಪರ್‌ಕಂಡಕ್ಟಿವಿಟಿಯೇ ಸೊರಗಿರುತ್ತದೆ. ಈ ಪರೀಕ್ಷೆಗೆ ತಣ್ಣಗಿರಬೇಕು. ಹೀಲಿಯಂ-3 ಇನ್ಸರ್ಟ್ (ಇನ್ನಷ್ಟು ತಣಿಸುವ ಸಲಕರಣೆ) ಹಾಕಿ 0.3 ಕೆಲ್ವಿನ್‌ಗೆ ಇಳಿದರೆ 1 ಟೆಸ್ಲಾ ಧಾರಾಳ.

ನಮ್ಮ ಇನ್ಸರ್ಟ್ ಬೇರೆಯವರ ಪಾಳಿಯಲ್ಲಿತ್ತು. ಗಣಪತಿ ಹಬ್ಬದ ರಜೆಯಲ್ಲಿ ನಮಗೆ ನಾಲ್ಕು ರಾತ್ರಿ ಸಿಕ್ಕಿತು. ಹೊರಗೆ ವಿಸರ್ಜನೆಯ ಢೋಲು, ಕಿಟಕಿ ಗಾಜು ನಡುಗುತ್ತಿತ್ತು. ಒಳಗೆ ನಾವಿಬ್ಬರು ಒಂದೊಂದು ಫೀಲ್ಡಿಗೆ ಐನೂರು ಸಲ ಕರೆಂಟ್ ಏರಿಸಿ ಇಳಿಸುತ್ತಾ ಕೂತಿದ್ದೆವು. ಇಷ್ಟು ಸಲ ಯಾಕೆ ಅಂದರೆ, ಸಣ್ಣ ತಂತಿ ಯಾವ ಕರೆಂಟಿಗೆ ಸೂಪರ್‌ಕಂಡಕ್ಟಿವಿಟಿ ಬಿಡುತ್ತದೆ ಅನ್ನುವುದು ಪ್ರತಿ ಸಲ ಸ್ವಲ್ಪ ಬೇರೆ. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಇಲ್ಲದ ಗುಡ್ಡವೂ ಕಾಣುತ್ತದೆ, ಇದ್ದ ಗುಡ್ಡವೂ ಮುಚ್ಚಿಹೋಗುತ್ತದೆ. ಫೀಲ್ಡನ್ನು ತಂತಿಯ ಉದ್ದಕ್ಕೆ ಕೊಟ್ಟೆವು. ಆ ದಿಕ್ಕಿನಲ್ಲಿ ಫೀಲ್ಡಿನ ಸ್ವಂತ ಕಾಟ ಕಡಿಮೆ.

ಸೊನ್ನೆ ಫೀಲ್ಡಿನಲ್ಲಿ 18.0 ಮೈಕ್ರೋಆಂಪ್. ಅರ್ಧ ಟೆಸ್ಲಾದಲ್ಲಿ 18.4. ಒಂದರಲ್ಲಿ 18.9. ಎರಡರಲ್ಲಿ 19.3. ಆಮೇಲೆ ಇಳಿಮುಖ. ನಾಲ್ಕು ಟೆಸ್ಲಾ ಹತ್ತಿರ ಮತ್ತೆ 18. ಹುಡುಗ ಏನೂ ಮಾತಾಡಲಿಲ್ಲ. ಫ್ಲಾಸ್ಕಿನಿಂದ ನನಗೊಂದು ಲೋಟ ಚಹಾ ಬಗ್ಗಿಸಿ ಕೊಟ್ಟ.

ಗುಡ್ಡ ಕಂಡ ಮೇಲೂ ಎರಡು ಅನುಮಾನ ಕಳೆಯಬೇಕು. ಮೊದಲನೆಯದು ನೆನಪು. ಫೀಲ್ಡ್ ಏರಿಸುವಾಗಿನ ಗ್ರಾಫ್ ಮತ್ತು ಇಳಿಸುವಾಗಿನ ಗ್ರಾಫ್ ಒಂದರ ಮೇಲೊಂದು ಕೂರಬೇಕು, ಮೈನಸ್ ಕಡೆಗೂ ಕನ್ನಡಿಯಂತೆ ಕಾಣಬೇಕು. ಒಂಟಿ ಸ್ಪಿನ್‌ಗಳಿಗೆ ನೆನಪಿಲ್ಲ. ಎರಡು ಗ್ರಾಫ್ ಬೇರೆಯಾದರೆ ಎಲ್ಲೋ ಕಬ್ಬಿಣದ ಪುಡಿ, ನಿಕ್ಕೆಲ್ ಇದೆ ಅಂತ. ಸೂಪರ್‌ಕಂಡಕ್ಟಿಂಗ್ ಕಾಯಿಲ್ ತಾನೇ ಕೆಲವು ಮಿಲಿಟೆಸ್ಲಾ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟು ವ್ಯತ್ಯಾಸವನ್ನು ಕ್ಷಮಿಸಿ. ಎರಡನೆಯದು ಪ್ಯಾಡುಗಳು. ತಂತಿಯ ಎರಡೂ ತುದಿಯ ಅಗಲ ಪ್ಯಾಡುಗಳು ಸಣ್ಣ ಫೀಲ್ಡಿಗೇ ಸೋತು ತಂತಿಯ ಬಿಸಿಯನ್ನು ಹೀರಿಕೊಂಡು ಕರೆಂಟನ್ನು ಕೊಂಚ ಏರಿಸಬಹುದು. ಅದು ಮಿಲಿಟೆಸ್ಲಾಗಳಲ್ಲೇ ಆಡಿ ಮುಗಿಸುವ ಆಟ. ನಮ್ಮ ಗುಡ್ಡ ಎರಡು ಟೆಸ್ಲಾ ದೂರದಲ್ಲಿತ್ತು. ಒಂದು ರಾತ್ರಿ ತಾಪಮಾನ 1.5ಕ್ಕೆ ಏರಿಸಿ ಮತ್ತೆ ಅಳೆದೆವು. ಗುಡ್ಡ ತಗ್ಗಿತು, ನೆತ್ತಿ ಬಲಕ್ಕೆ ಸರಿಯಿತು. ಸ್ಪಿನ್‌ಗಳೇ ಕಾರಣವಾದರೆ ಹಾಗೇ ಆಗಬೇಕು. ಬಿಸಿ ಜಾಸ್ತಿಯಾದರೆ ಕೈ ಕಟ್ಟಲು ಹಗ್ಗವೂ ಜಾಸ್ತಿ ಬೇಕು.

ಹೀಲಿಯಂ-3 ಇಲ್ಲದವರಿಗೆ ಒಂದು ಬಡವರ ದಾರಿ ಇದೆ, ಆದರೆ ಅದು ಲೋಹ ಹಾಕುವ ಯಂತ್ರದ ಮೇಲೆ ಅನುಮಾನ ಇದ್ದಾಗ ಮಾತ್ರ. ಅದೇ ಚೇಂಬರಿನಲ್ಲಿ ಚಿನ್ನದ ಒಂದು ಪಟ್ಟಿ ಮಾಡಿ ರೆಸಿಸ್ಟೆನ್ಸ್ ಅಳೆಯಿರಿ. ತಣಿಸುತ್ತಾ ಹೋದಂತೆ ಅದು ಇಳಿದು ನಿಲ್ಲಬೇಕು. ಕೆಲವು ಕೆಲ್ವಿನ್ ಹತ್ತಿರ ಮತ್ತೆ ತಲೆ ಎತ್ತಿದರೆ ಕಬ್ಬಿಣದಂಥದ್ದು ಬೆರೆತಿರಬಹುದು. 1964ರಲ್ಲಿ ಜಪಾನಿನ ಜುನ್ ಕೊಂಡೊ ಬಿಡಿಸಿದ ಒಗಟು ಇದು. ಆದರೆ ತೆಳು ಪಟ್ಟಿಯಲ್ಲಿ ಬೇರೆ ಕಾರಣಕ್ಕೂ ರೆಸಿಸ್ಟೆನ್ಸ್ ಏರುತ್ತದೆ. ಫೀಲ್ಡ್ ಕೊಟ್ಟಾಗ ಆ ಏರಿಕೆ ಅಡಗಿದರೆ ಮಾತ್ರ ನಂಬಿ.

ಹಾಗಾದರೆ ಸ್ಪಿನ್ ಬಂದದ್ದು ಎಲ್ಲಿಂದ?

ಕಬ್ಬಿಣದಿಂದ ಅಲ್ಲ, ನಿಕ್ಕೆಲ್‌ನಿಂದಲೂ ಅಲ್ಲ. ಗಾಳಿಯಿಂದ.

ನಿಯೋಬಿಯಂ ಗಾಳಿಗೆ ತೆರೆದುಕೊಂಡರೆ ಅದರ ಮೇಲೆ ಸುಮಾರು 5 ನ್ಯಾನೊಮೀಟರ್ ಆಕ್ಸೈಡ್ ಬೆಳೆಯುತ್ತದೆ. ಆ ಆಕ್ಸೈಡ್ ಅಚ್ಚುಕಟ್ಟಾಗಿದ್ದರೆ ಅಂಥ ತೊಂದರೆ ಇಲ್ಲ. ಅಲ್ಲಲ್ಲಿ ಆಕ್ಸಿಜನ್ ಕಮ್ಮಿ ಬಿದ್ದರೆ ಅಲ್ಲಿನ ನಿಯೋಬಿಯಂ ಬಳಿ ಒಂಟಿ ಎಲೆಕ್ಟ್ರಾನ್ ಉಳಿದುಬಿಡುತ್ತದೆ. ಒಂಟಿ ಎಲೆಕ್ಟ್ರಾನ್ ಅಂದರೆ ಒಂಟಿ ಸ್ಪಿನ್. ಹೊರಗಿನಿಂದ ಒಂದು ಕಣ ಕಬ್ಬಿಣವೂ ಬರದೆ ಮನೆಯ ಗೋಡೆಯಲ್ಲೇ ಮ್ಯಾಗ್ನೆಟ್ ಹುಟ್ಟಿತು. ಶುದ್ಧತೆಯ ಸರ್ಟಿಫಿಕೇಟ್ ಎಷ್ಟು ಸಲ ಓದಿದರೂ ಇದು ಸಿಗುವುದಿಲ್ಲ.

ಲಾಗ್‌ಬುಕ್ ತಿರುಗಿಸಿದೆವು. ಹಳೆಯ ಚಿಪ್‌ಗಳು ಕೊರೆದ ದಿನವೇ ಕ್ರಯೋಸ್ಟಾಟ್ ಸೇರಿದ್ದವು. ಜುಲೈನಲ್ಲಿ ದ್ರವ ಹೀಲಿಯಂ ಬರುವುದು ತಡವಾಗಿ ಚಿಪ್‌ಗಳು ಕಾದಿದ್ದವು. 5.3 ಕೊಟ್ಟದ್ದು ನಾಲ್ಕು ದಿನ, 5.0 ಕೊಟ್ಟದ್ದು ಏಳು, 4.9 ಕೊಟ್ಟದ್ದು ಒಂಬತ್ತು. ಕಾದಿದ್ದು ತೇವ ತಾಗದಂತೆ ಇಡುವ ಡೆಸಿಕೇಟರ್ ಪೆಟ್ಟಿಗೆಯಲ್ಲೇ. ಹೋಗಿ ಪೆಟ್ಟಿಗೆ ತೆರೆದೆ. ನೀಲಿ ಇರಬೇಕಾದ ಸಿಲಿಕಾ ಜೆಲ್ ಕಾಳುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ನೀರು ಕುಡಿದು ಹೊಟ್ಟೆ ತುಂಬಿದ ಗುರುತು. ಜೂನ್‌ನಿಂದ ಯಾರೂ ಅದನ್ನು ಒಣಗಿಸಿರಲಿಲ್ಲ. ಆ ಪಾಳಿ ನನ್ನದೇ.

ಪರಿಹಾರ ಕಷ್ಟದ್ದಲ್ಲ. ಆಸಿಡ್ ಹಾಕಿ ಆಕ್ಸೈಡ್ ತೆಗೆಯಬಹುದು, ಆದರೆ ಗಾಳಿಗೆ ಬಂದ ಕೂಡಲೇ ಮತ್ತೆ ಬೆಳೆಯುತ್ತದೆ, ಪ್ರಯೋಜನವಿಲ್ಲ. ನಾವು ಈಗ ಮಾಡುವುದು ಹೀಗೆ. ತಂತಿ ಕೊರೆದ ಮೇಲೆ ಚಿಪ್ಪನ್ನು ಅದೇ ದಿನ ಸ್ಪಟರಿಂಗ್ ಚೇಂಬರಿಗೆ ವಾಪಸ್ ಹಾಕುತ್ತೇವೆ. ಮೆಲ್ಲಗೆ, ಕಡಿಮೆ ಶಕ್ತಿಯ ಆರ್ಗಾನ್‌ನಿಂದ ಗೋಡೆ ತೊಳೆದು, ವ್ಯಾಕ್ಯೂಮ್ ಬಿಡದೆ ಇನ್ನೊಂದು 5 ನ್ಯಾನೊಮೀಟರ್ ಸಿಲಿಕಾನ್ ಹೊದಿಸುತ್ತೇವೆ. ಆರ್ಗಾನ್ ಜೋರು ಮಾಡಿದರೆ ಗೋಡೆ ಬೇರೆ ರೀತಿಯಲ್ಲಿ ಕೆಡುತ್ತದೆ, ಎರಡು ಚಿಪ್ ಹಾಗೇ ಕಳೆದುಕೊಂಡೆವು. ಪ್ಯಾಡುಗಳಿಗೆ ಚಿನ್ನದ ಕೆಳಗೆ ಕ್ರೋಮಿಯಂ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಬಿಟ್ಟು ಟೈಟಾನಿಯಂ ಹಾಕಿ. ಕ್ರೋಮಿಯಂ ಕೂಡ ಬಾಲ ತಿರುಚುವ ಜಾತಿಯದ್ದೇ.

ಹೊಸ ಹೊದಿಕೆಯ ಮೊದಲ ಚಿಪ್ಪನ್ನು ಬೇಕಂತಲೇ ಹತ್ತು ದಿನ ಮೇಜಿನ ಮೇಲೆ, ಪೆಟ್ಟಿಗೆಯೂ ಇಲ್ಲದೆ ಬಿಟ್ಟೆವು. ಸೆಪ್ಟೆಂಬರ್ ಮಳೆ ಇನ್ನೂ ಇತ್ತು. ಟಿಸಿ 6.0. 0.3 ಕೆಲ್ವಿನ್‌ನಲ್ಲಿ ಗುಡ್ಡ ಪೂರ್ತಿ ಹೋಗಿಲ್ಲ, ಶೇಕಡಾ ಒಂದರಷ್ಟು ಉಬ್ಬು ಇನ್ನೂ ಇದೆ. ತಂತಿಯ ಬುಡದಲ್ಲಿ, ನಿಯೋಬಿಯಂ ಕೆಳಗಿನ ಸಿಲಿಕಾನಿಗೆ ತಾಗುವ ಕಡೆ ಹಳೆಯ ಆಕ್ಸೈಡ್ ಸಿಕ್ಕಿಕೊಂಡಿರಬಹುದು ಅಂತ ನನ್ನ ಅನುಮಾನ. ಧಾರವಾಡದ ಹುಡುಗ ಒಪ್ಪುತ್ತಿಲ್ಲ. ಮುಂದಿನ ಸಲ ಹೀಲಿಯಂ-3 ನಮ್ಮ ಪಾಳಿಗೆ ಬಂದಾಗ ಬೇರೆ ಬೇರೆ ಅಗಲದ ಐದು ತಂತಿಗಳನ್ನು ಒಟ್ಟಿಗೆ ಅಳೆಯುವುದು ಅಂತಾಗಿದೆ.